807 ವಾಲ್ವ್ ಕೊಳ್ಳುವವರೇ, ‘ಟೆಸ್ಟ್ ಮಾಡಿದ್ದು’ ಎಂಬ ಮಾತನ್ನು ನಂಬಿ ಹಣ ಕಳಿಸಬೇಡಿ

ವಾಲ್ವ್ (ಹಳೆಯ ಕಾಲದ ಗಾಜಿನ ನಿರ್ವಾತ ಕೊಳವೆ) ಟ್ರಾನ್ಸ್‌ಮಿಟರ್ ಕಟ್ಟಲು ಹೊರಟಿರುವ ಹ್ಯಾಮ್ (ಹವ್ಯಾಸಿ ರೇಡಿಯೋ) ಗೆಳೆಯರೆಲ್ಲ ಮೊದಲು ಇದನ್ನು ಓದಿ, ಆಮೇಲೆ ಯಾರಿಗೆ ಬೇಕಾದರೂ ಹಣ ಕಳಿಸಿ. ಎರಡು 807 ವಾಲ್ವ್‌ಗಳಿಗೆ 4,800 ರೂಪಾಯಿ ತೆಗೆದುಕೊಂಡು ಒಬ್ಬ ಮನುಷ್ಯ ನನಗೆ ಪಂಗನಾಮ ಹಾಕಿದ್ದಾನೆ. ಆತ ಗುಜರಿ ವ್ಯಾಪಾರಿಯಾಗಿದ್ದರೆ ಇಷ್ಟು ಉರಿಯುತ್ತಿರಲಿಲ್ಲ. ಕಾಲ್‌ಸೈನ್ (ಹ್ಯಾಮ್ ಗುರುತಿನ ಸಂಕೇತ) ಹೇಳಿಕೊಂಡು, ಮಾತಿಗೊಮ್ಮೆ ‘ಓಎಂ’ (ಓಲ್ಡ್ ಮ್ಯಾನ್, ಅಂದರೆ ಗೆಳೆಯ) ಎಂದು ಕರೆದು, ಪ್ರತಿ ಸಂದೇಶದ ಕೊನೆಗೆ ತಪ್ಪದೆ ‘73’ (ಹ್ಯಾಮ್ ಭಾಷೆಯಲ್ಲಿ ಶುಭಾಶಯ) ಹಾಕುವ ಮನುಷ್ಯ. ನಮ್ಮವನೇ.

807 ಏಕೆ ಬೇಕಿತ್ತು ಎಂದು ಹೊಸಬರಿಗೆ ಎರಡು ಮಾತು. 6L6 ಎಂಬ ಆಡಿಯೋ ವಾಲ್ವನ್ನೇ ರೇಡಿಯೋ ಕೆಲಸಕ್ಕೆ ಒಗ್ಗಿಸಿ, ಪ್ಲೇಟಿನ (ಒಳಗೆ ಎಲೆಕ್ಟ್ರಾನ್ ಬಂದು ಸೇರುವ ಲೋಹದ ತಗಡಿನ) ತಂತಿಯನ್ನು ನೆತ್ತಿಯ ಮೇಲಿನ ಕ್ಯಾಪಿಗೆ ತಂದರೆ ಅದೇ 807. ಎರಡನೇ ಮಹಾಯುದ್ಧದ ನಂತರ ಮಿಲಿಟರಿಯಿಂದ ಹೊರಬಿದ್ದ ಸಾಮಾನಿನಲ್ಲಿ ಇದು ರಾಶಿ ರಾಶಿ ಸಿಗುತ್ತಿತ್ತು. ನಮ್ಮ ಹಿರಿಯ ಹ್ಯಾಮ್‌ಗಳಲ್ಲಿ ಎಷ್ಟೋ ಜನರ ಮೊದಲ ಟ್ರಾನ್ಸ್‌ಮಿಟರಿನಲ್ಲಿ ಇದ್ದದ್ದು ಇದೇ. ಪ್ಲೇಟಿಗೆ 600 ವೋಲ್ಟ್ ಕೊಟ್ಟು 100 ಮಿಲಿಆಂಪಿಯರ್ ಎಳೆದರೆ ಆಂಟೆನಾಗೆ ಸುಮಾರು 40 ವಾಟ್ ಸಿಗುತ್ತದೆ. ಈಗ ವಾಲ್ವ್ ಆಂಪ್ಲಿಫೈಯರ್ ಹುಚ್ಚಿನ ಆಡಿಯೋ ಮಂದಿಯೂ ಇದರ ಬೆನ್ನು ಹತ್ತಿದ್ದಾರೆ, ಹಾಗಾಗಿ ಒಳ್ಳೆಯ ಮಾಲು ನಮ್ಮ ಕೈಗೆ ಬರುವುದೇ ಕಷ್ಟ. ನಾನು 6AG7 ಎಂಬ ಸಣ್ಣ ವಾಲ್ವಿನ ಆಸಿಲೇಟರ್ (ಮೊದಲ ಸಿಗ್ನಲ್ ಹುಟ್ಟಿಸುವ ಭಾಗ) ಮುಂದಿಟ್ಟುಕೊಂಡು 40 ಮೀಟರ್ ಬ್ಯಾಂಡಿಗೆ ಸಿಡಬ್ಲ್ಯು (ಮೋರ್ಸ್ ಸಂಕೇತದ) ಟ್ರಾನ್ಸ್‌ಮಿಟರ್ ಕಟ್ಟುತ್ತಿದ್ದೆ. ಷಾಸಿ, ಕಾಯಿಲ್, ಪವರ್ ಸಪ್ಲೈ ಎಲ್ಲ ತಯಾರಾಗಿ, ಕೊನೆಯ ಹಂತದ 807 ಒಂದೇ ಬಾಕಿ ಇತ್ತು.

‘ಹೊಚ್ಚಹೊಸದು, ಪೆಟ್ಟಿಗೆಯಲ್ಲೇ ಇದ್ದದ್ದು, ನಾನೇ ಟೆಸ್ಟ್ ಮಾಡಿದ್ದೇನೆ’ ಎಂದ ಆ ಮಾರಾಟಗಾರ. ಎಮಿಷನ್, ಅಂದರೆ ವಾಲ್ವಿಗೆ ಎಲೆಕ್ಟ್ರಾನ್ ಹೊರಸೂಸುವ ಕಸುವು, ಎಷ್ಟಿದೆ ಎಂದು ಕೇಳಿದೆ. ಸ್ಪಷ್ಟವಾಗಿಯೇ ಕೇಳಿದ್ದೆ, ಸಂದೇಶ ಇನ್ನೂ ನನ್ನ ಮೊಬೈಲಿನಲ್ಲಿದೆ. ಅದಕ್ಕೆ ಉತ್ತರವಾಗಿ ಬಂದದ್ದು ಒಂದು ವಿಡಿಯೋ: ಕತ್ತಲೆ ಕೋಣೆ, ಮೇಜಿನ ಮೇಲೆ ಎರಡು ವಾಲ್ವ್, ಒಳಗೆ ಕೆಂಪಗೆ ಉರಿಯುತ್ತಿರುವ ಹೀಟರ್. ‘ನೋಡಿ ಓಎಂ, ಎಷ್ಟು ಚೆನ್ನಾಗಿ ಉರಿಯುತ್ತಿದೆ!’ ಹೀಟರಿಗೆ 6.3 ವೋಲ್ಟ್ ಕೊಟ್ಟರೆ ಸತ್ತ ವಾಲ್ವೂ ಉರಿಯುತ್ತದೆ. ಹೆಡ್‌ಲೈಟ್ ಹತ್ತಿತು, ಎಂಜಿನ್ ಸರಿಯಿದೆ ಎಂದು ಕಾರು ಮಾರಿದ ಹಾಗೆ ಇದು. ‘ಇದು ಎಮಿಷನ್ ಅಲ್ಲವಲ್ಲ’ ಎಂದಾಗ ‘ಓಎಂ, ಹ್ಯಾಮ್ ಹ್ಯಾಮಿಗೆ ಮೋಸ ಮಾಡುವುದುಂಟೇ? ಬೇರೆಯವರೂ ಕೇಳುತ್ತಿದ್ದಾರೆ, ನಿಮಗೆಂದೇ ಇಟ್ಟಿದ್ದೇನೆ’ ಎಂದ. ಹಣ ಹೋಯಿತು, ಪಾರ್ಸೆಲ್ ಬಂತು.

ಮೊದಲ ವಾಲ್ವ್ ಹಾಕಿದೆ. ಗ್ರಿಡ್ ಕರೆಂಟ್ ಸರಿಯಾಗಿಯೇ ಇತ್ತು, ಅಂದರೆ 6AG7 ತನ್ನ ಕೆಲಸ ಮಾಡುತ್ತಿತ್ತು. ಪ್ಲೇಟ್ ಮೀಟರಿನ ಮುಳ್ಳು 20 ಮಿಲಿಆಂಪಿಯರ್ ದಾಟಲಿಲ್ಲ. ಲೋಡಿಂಗ್ ಕೆಪ್ಯಾಸಿಟರನ್ನು ಈ ತುದಿಯಿಂದ ಆ ತುದಿಗೆ ತಿರುಗಿಸಿದರೂ 20, ಮತ್ತೆ ತಿರುಗಿಸಿದರೂ ಅದೇ 20. ಎರಡನೆಯದರ ಕಥೆ ಇನ್ನೂ ಕೆಟ್ಟದ್ದು. ಕೀ ಒತ್ತಿದೆ, ಒಳಗೆ ಪ್ಲೇಟಿನ ಸುತ್ತ ನೇರಳೆ ಬಣ್ಣದ ಮಂಜು ಕವಿಯಿತು, ಮುಳ್ಳು ತಾನಾಗಿಯೇ ಮೇಲೇರಿತು, ಸ್ಕ್ರೀನ್ ರೆಸಿಸ್ಟರಿನಿಂದ ಹೊಗೆ ಎದ್ದಿತು, ಫ್ಯೂಸ್ ಹಾರಿತು. ಪವರ್ ಸಪ್ಲೈಗೆ ಬ್ಲೀಡರ್ ರೆಸಿಸ್ಟರ್ (ಆಫ್ ಆದ ಮೇಲೆ ಉಳಿದ ವಿದ್ಯುತ್ತನ್ನು ಖಾಲಿ ಮಾಡುವಂಥದ್ದು) ಹಾಕಿದ್ದೆ, ಪುಣ್ಯ. ಇಲ್ಲದಿದ್ದರೆ ಆ ಗಾಬರಿಯಲ್ಲಿ ನೆತ್ತಿಯ ಕ್ಯಾಪಿಗೆ ಕೈ ಹಾಕಿದ್ದವನು ಇಂದು ಇದನ್ನು ಬರೆಯಲು ಇರುತ್ತಿದ್ದೆನೋ ಇಲ್ಲವೋ.

ವಾಲ್ವ್ ತಣ್ಣಗಾದ ಮೇಲೆ ಕಿಟಕಿಯ ಬಳಿ ಹಿಡಿದು ನೋಡಿದೆ. ಎರಡರ ಗಾಜಿನ ಮೇಲೂ ‘ಟೆಸ್ಟೆಡ್ ಓಕೆ’ ಎಂಬ ದುಂಡನೆಯ ಹಸಿರು ಚೀಟಿ ಇತ್ತು, ಎರಡರಲ್ಲೂ ಒಂದೇ ಜಾಗದಲ್ಲಿ. ಉಗುರಿನಿಂದ ಕೆರೆದು ತೆಗೆದೆ. ಚೀಟಿಯ ಅಡಿಯಲ್ಲಿದ್ದದ್ದು ಗೆಟರ್, ಅಂದರೆ ಒಳಗೆ ಉಳಿದ ಗಾಳಿಯನ್ನು ಹೀರಲು ಗಾಜಿನ ಒಳಮೈಯಲ್ಲಿರುವ ಲೋಹದ ಲೇಪ! ಬೆಳ್ಳಿಯ ಬಣ್ಣದಲ್ಲಿ ಫಳಫಳ ಹೊಳೆಯಬೇಕಾದ ಕಲೆ ನೇರಳೆ ಮಂಜಿನ ವಾಲ್ವಿನಲ್ಲಿ ನಾಣ್ಯದಷ್ಟಕ್ಕೆ ಕುಗ್ಗಿತ್ತು, ಅಂಚೆಲ್ಲ ಬೂದಿಯಂತೆ ಬೆಳ್ಳಗಾಗಿತ್ತು. ಒಳಗೆ ಗಾಳಿ ನುಸುಳುತ್ತಿದೆ ಎನ್ನುವುದಕ್ಕೆ ಬೇರೆ ಸಾಕ್ಷಿ ಬೇಡ. ಆತ ಅದನ್ನು ನೋಡಿದ್ದಾನೆ, ಅದರ ಅರ್ಥ ಗೊತ್ತಿದೆ, ಗೊತ್ತಿದ್ದರಿಂದಲೇ ಚೀಟಿ ಅಂಟಿಸಿದ್ದಾನೆ. ಟೆಸ್ಟೆಡ್ ಓಕೆ! ಪಿನ್‌ಗಳನ್ನು ಮರಳು ಕಾಗದದಿಂದ ಉಜ್ಜಿ ಹೊಸ ಬೆಸುಗೆ ಹಾಕಲಾಗಿತ್ತು. ಬಿಳಿ ಅಕ್ಷರಗಳ ಹಿಂದೆ ಹಳೆಯ ಮುದ್ರೆಯೊಂದರ ನೆರಳು ಓರೆಯಾಗಿ ಕಾಣುತ್ತಿತ್ತು. (ಅಕ್ಷರ ಬೆರಳಿಗೆ ಅಳಿಸಿಹೋದ ಮಾತ್ರಕ್ಕೆ ನಕಲಿ ಎನ್ನಲಾಗದು, ಅಸಲಿ ಹಳೆಯ ವಾಲ್ವ್‌ಗಳ ಶಾಯಿಯೂ ಹಾಗೇ ಅಳಿಸುತ್ತದೆ. ಅಕ್ಷರದಡಿ ಇನ್ನೊಂದು ಅಕ್ಷರ ಇರುವುದು ಬೇರೆ ವಿಷಯ.)

ಇನ್ನು ಆತನ ಉತ್ತರಗಳು. ‘ನೀಲಿ ಬೆಳಕು ಒಳ್ಳೆಯ ವಾಲ್ವಿನ ಲಕ್ಷಣ ಓಎಂ, ನಿಮಗೆ ಅನುಭವ ಕಡಿಮೆ.’ ಅರ್ಧ ಸತ್ಯ ಹೇಳುವವನಷ್ಟು ಅಪಾಯಕಾರಿ ಯಾರೂ ಇಲ್ಲ. ಗಾಜಿನ ಒಳಮೈಗೆ ಅಂಟಿದಂತೆ ಕಾಣುವ ನೀಲಿ ಹೊಳಪಿನಿಂದ ತೊಂದರೆಯಿಲ್ಲ, ಸರಿ. ನಾನು ಕಂಡದ್ದು ಪ್ಲೇಟಿನ ಸುತ್ತ ಕವಿದ ನೇರಳೆ ಮಂಜು, ಅದು ಗ್ಯಾಸ್. ಹಾಗೆಂದು ಬರೆದೆ. ‘ನಿಮ್ಮ ಸರ್ಕ್ಯೂಟ್ ತಪ್ಪಿರಬೇಕು’ ಎಂದ. ಹಿರಿಯ ಹ್ಯಾಮ್ ಒಬ್ಬರು ಕಪಾಟಿನಿಂದ ತಮ್ಮ ಹಳೆಯ 807 ತಂದುಕೊಟ್ಟರು. ಸುಟ್ಟ ರೆಸಿಸ್ಟರ್ ಬದಲಿಸಿ, ಅದೇ ಸಾಕೆಟ್ಟಿಗೆ ಹಾಕಿದ ಕೂಡಲೇ ಮುಳ್ಳು 95ಕ್ಕೆ ಬಂದು ನಿಂತಿತು. ವಿಡಿಯೋ ಕಳಿಸಿದೆ. ‘ಅದು ಬೇರೆ ಕಂಪನಿಯದು, ಹೋಲಿಸಬಾರದು.’ ಚೀಟಿ ಏಕೆ ಅಂಟಿಸಿದ್ದೀರಿ ಎಂದರೆ ‘ಪಾರ್ಸೆಲ್ ಮಾಡುವ ಹುಡುಗ ಅಂಟಿಸಿರಬೇಕು.’ ಹಣ ವಾಪಸ್ ಕೇಳಿದಾಗ ‘ನೀವು ಕರೆಂಟ್ ಕೊಟ್ಟು ಕೆಡಿಸಿದ್ದೀರಿ, ಬಳಸಿದ ವಾಲ್ವನ್ನು ವಾಪಸ್ ತೆಗೆದುಕೊಳ್ಳುವುದಿಲ್ಲ. 73.’ ಟ್ರಾನ್ಸ್‌ಮಿಟರ್ ವಾಲ್ವಿಗೆ ಕರೆಂಟ್ ಕೊಡದೆ ಪೂಜೆ ಮಾಡಬೇಕಿತ್ತೇ? ಆ ‘73’ ನೋಡಿ ಮೈಯೆಲ್ಲ ಉರಿದುಹೋಯಿತು. ಆಮೇಲೆ ನನ್ನ ನಂಬರನ್ನು ಬ್ಲಾಕ್ ಮಾಡಿದ್ದಾನೆ.

ಬೆಳಗಿನ ನೆಟ್‌ನಲ್ಲಿ (ಹ್ಯಾಮ್‌ಗಳೆಲ್ಲ ರೇಡಿಯೋದಲ್ಲಿ ಸೇರಿ ಮಾತಾಡುವ ಹೊತ್ತು) ‘ಈ ವಾರ ವಾಲ್ವ್ ರಿಗ್‌ನಲ್ಲಿ ಬರುತ್ತೇನೆ’ ಎಂದು ಎಲ್ಲರಿಗೂ ಸಾರಿದ್ದೆ. ಈಗ ಯಾರಾದರೊಬ್ಬರು ‘807 ಎಲ್ಲಿಗೆ ಬಂತು?’ ಎಂದು ಕೇಳುತ್ತಲೇ ಇರುತ್ತಾರೆ. ಬ್ಯಾಂಡ್ ಸರಿಯಿಲ್ಲ ಎಂದು ನುಣುಚಿಕೊಳ್ಳುತ್ತಿದ್ದೇನೆ.

ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಹಳೆಯ ಸಾಮಾನು ಮಾರುವವರಾದರೂ ‘ಗ್ಯಾರಂಟಿ ಇಲ್ಲ ಸರ್’ ಎಂದು ಮುಖಕ್ಕೇ ಹೇಳುತ್ತಾರೆ, ವಾಲ್ವನ್ನು ಕೈಯಲ್ಲಿ ಹಿಡಿದು ಬೆಳಕಿಗೆ ತಿರುಗಿಸಿ ನೋಡಲು ಬಿಡುತ್ತಾರೆ. ಫೋನಿನಲ್ಲಿ ಕೊಳ್ಳುವುದಾದರೆ ಹೀಟರ್ ವಿಡಿಯೋ ಬೇಡವೇ ಬೇಡ ಎನ್ನಿ. ಪ್ಲೇಟ್ ಮೀಟರ್ ಮತ್ತು ವಾಲ್ವ್ ಎರಡೂ ಒಂದೇ ಚೌಕಟ್ಟಿನಲ್ಲಿ ಕಾಣಬೇಕು, ಗಾಜಿನ ಮೇಲೆ ಒಂದು ಚೀಟಿಯೂ ಇರಬಾರದು. ಓಎಂ ಎಂದು ಕರೆದವರೆಲ್ಲ ಓಎಂ ಅಲ್ಲ.

ಆತ ನನಗೆ ತೋರಿಸಿದ್ದ ಅದೇ ಫೋಟೋ ಈಗ ಮತ್ತೆ ಓಡಾಡುತ್ತಿದೆ: ನೀಲಿ ಚೌಕಳಿ ಟವೆಲಿನ ಮೇಲೆ ಎರಡು 807, ದುಂಡನೆಯ ಹಸಿರು ಚೀಟಿ. ಬೆಲೆ ಮಾತ್ರ 5,500ಕ್ಕೆ ಏರಿದೆ. ಅದು ನಿಮಗೂ ಬಂದಿದ್ದರೆ ತಿಳಿಸಿ, ಆತನ ಸಂದೇಶಗಳನ್ನೆಲ್ಲ ಉಳಿಸಿಕೊಂಡಿದ್ದೇನೆ, ಕಳಿಸಿಕೊಡುತ್ತೇನೆ.