ಮೃಗಶಿರಾ ಮಳೆಯಲ್ಲಿ ದುರ್ಗದ ಕೋಟೆ: ನಮಗೆ ಸಿಕ್ಕ ಗೈಡ್

ದಾವಣಗೆರೆಯಿಂದ ಚಿತ್ರದುರ್ಗ ಸುಮಾರು 60 ಕಿಲೋಮೀಟರ್. ಇಷ್ಟು ಹತ್ತಿರ ಇದ್ದರೂ ನಾನು ಕೋಟೆ ನೋಡಿದ್ದೆಲ್ಲ ಬೇಸಿಗೆ ರಜೆಯಲ್ಲೇ. ಕಾದ ಬಂಡೆ, ಒಣಗಿದ ಗಂಟಲು, ಅರ್ಧಕ್ಕೇ ವಾಪಸ್. ಈ ಸಲ ಜೂನ್ ಮಧ್ಯದಲ್ಲಿ ಹೋದೆವು. ಮೃಗಶಿರಾ ಮಳೆ ನಡೆಯುತ್ತಿತ್ತು. ಜೊತೆಗೆ 11 ವರ್ಷದ ಮಗ, 72 ವರ್ಷದ ಮಾವನವರು. ವಯಸ್ಸಾದವರು ಇದ್ದಾರಲ್ಲ ಎಂದು ಬಾಗಿಲಲ್ಲೇ ಒಬ್ಬ ಗೈಡ್ ಮಾಡಿಕೊಂಡೆವು. 600 ರೂಪಾಯಿ ಹೇಳಿದರು, ಒಪ್ಪಿದೆ. ಅವರ ಬಗ್ಗೆ ಬರೆಯಲೇಬೇಕು ಅನ್ನಿಸಿತು.

ಮೊದಲು ಮಳೆಯ ವಿಷಯ. ಮಲೆನಾಡಿನ ಮಳೆ ನೆನೆಸಿಕೊಂಡು ಇಲ್ಲಿಗೆ ಬರಬೇಡಿ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್ ದಾಟುತ್ತದೆ, ಚಿತ್ರದುರ್ಗದಲ್ಲಿ 600ರ ಆಸುಪಾಸು. ಮೋಡಗಳು ಸಹ್ಯಾದ್ರಿ ಹತ್ತುವಾಗಲೇ ಹೊರೆ ಇಳಿಸಿಬಿಡುತ್ತವೆ. ಜೂನ್‌ನಲ್ಲಿ ನಮ್ಮ ಕಡೆಗೆ ಬರುವುದು ಗಾಳಿ, ತಂಪು, ಆಗೊಂದು ಈಗೊಂದು ಸೋನೆ. ದುರ್ಗ ಹತ್ತಿರವಾದಂತೆ ಗುಡ್ಡದ ಮೇಲಿನ ಗಾಳಿಯಂತ್ರಗಳು ಬಿರುಸಾಗಿ ತಿರುಗುತ್ತಿದ್ದವು. ಬಸ್ಸಿನ ಕಿಟಕಿಯಿಂದಲೇ ನೋಡಿ ಮಾವನವರು, "ಇವತ್ತು ಮಳಿಗಿಂತ ಗಾಳಿ ಜಾಸ್ತಿ ಐತಿ ನೋಡವ್ವ" ಎಂದರು. ಹಾಗೇ ಆಯಿತು. ಎರಡನೇ ಬಾಗಿಲು ದಾಟುವಷ್ಟರಲ್ಲಿ ನನ್ನ ಛತ್ರಿ ಉಲ್ಟಾ ಆಗಿ ಕಡ್ಡಿ ಮುರಿಯಿತು. ಛತ್ರಿ ಮನೆಯಲ್ಲೇ ಬಿಡಿ, ರೇನ್‌ಕೋಟ್ ತನ್ನಿ.

ಗೈಡ್ ಮೊದಲು ನೋಡಿದ್ದು ನಮ್ಮ ಕಾಲು. ಮಗನಿಗೆ ಹೊಸ ಬೂಟು ಹಾಕಿಸಿದ್ದೆ. ಮಳೆಗಾಲದ ಬೂಟು ಎಂದೇ ಹೇಳಿ 1,200ಕ್ಕೆ ಮಾರಿದ್ದರು. ಇವರು ಅಡಿಭಾಗ ಒಂದು ಸಲ ಬೆರಳಲ್ಲಿ ಸವರಿ, "ಅಕ್ಕಾರೆ, ಇದು ಒದ್ದೆ ಬಂಡೆ ಮೇಲೆ ನಿಲ್ಲಲ್ಲ. ಹುಡುಗ ಬರಿಗಾಲಲ್ಲಿ ನಡೀಲಿ" ಎಂದರು. ನನಗೆ ಮನಸ್ಸಿರಲಿಲ್ಲ. ಹತ್ತು ಹೆಜ್ಜೆಗೇ ಹುಡುಗ ಜಾರಿದ. ಆಮೇಲೆ ಬೂಟು ಚೀಲ ಸೇರಿತು. ಬರಿಗಾಲಲ್ಲಿ ಅವನು ಮೇಲಿನ ತನಕ ಆರಾಮಾಗಿ ಹತ್ತಿದ. ಮಾವನವರ ಹಳೇ ಚಪ್ಪಲಿ ಮಾತ್ರ ಪಾಸಾಯಿತು.

ಗೋಪಾಲಸ್ವಾಮಿ ಹೊಂಡದ ಹತ್ತಿರ ಬಂದಾಗ ನನಗೆ ಸ್ವಲ್ಪ ನಿರಾಸೆ. ಮಳೆಗಾಲ ಅಲ್ವಾ, ತುಂಬಿರುತ್ತದೆ ಅಂದುಕೊಂಡಿದ್ದೆ. ನೀರು ಎಷ್ಟೋ ಕೆಳಗಿತ್ತು. ಗೈಡ್ ಏನನ್ನೂ ಮುಚ್ಚಿಡಲಿಲ್ಲ. "ಈಗಿನ್ನೂ ಶುರು. ಹೊಂಡ ತುಂಬಿದ್ದು ನೋಡಬೇಕಂದ್ರೆ ಸೆಪ್ಟೆಂಬರ್, ಅಕ್ಟೋಬರ್‌ಗೆ ಬರ್ರಿ. ನಮ್ಮ ಜಿಲ್ಲೆಗೆ ಜಾಸ್ತಿ ಮಳೆ ಆವಾಗ್ಲೇ. ಆದ್ರೆ ನೀರು ಹೆಂಗೆ ಬರ್ತದೆ ಅಂತ ನೋಡೋಕೆ ಇದೇ ಒಳ್ಳೇ ಟೈಮು" ಎಂದರು.

ಅವರು ಹೇಳಿ ಮುಗಿಸುವುದಕ್ಕೂ ಮಳೆ ಬರುವುದಕ್ಕೂ ಸರಿಯಾಯಿತು. ಮಂಟಪದ ಕೆಳಗೆ ನಿಂತೆವು. ಇಪ್ಪತ್ತು ನಿಮಿಷ ಸುರಿದು ನಿಂತಿತು. ಹೊರಗೆ ಬಂದರೆ ಅಷ್ಟು ದೊಡ್ಡ ಬಂಡೆಯ ಮೇಲೆಲ್ಲ ನೀರು ಎಳೆ ಎಳೆಯಾಗಿ ಇಳಿಯುತ್ತಿತ್ತು. ಒಂದು ಎಳೆ ಇನ್ನೊಂದನ್ನು ಸೇರಿ, ದಪ್ಪವಾಗಿ, ಸದ್ದು ಮಾಡುತ್ತಾ ಹೊಂಡಕ್ಕೆ. ಗೈಡ್ ಮಗನ ಕೈ ಹಿಡಿದು ಒಂದು ಎಳೆಯನ್ನು ಕೊನೇತನಕ ಹಿಂಬಾಲಿಸಿದರು. ಈ ಹೊಂಡ ತುಂಬಿದರೆ ಹೆಚ್ಚಾದ ನೀರು ಅಕ್ಕ ತಂಗಿ ಹೊಂಡಕ್ಕೆ ಹೋಗುತ್ತದೆ. ಅಲ್ಲಿ ಜೋಡಿ ಹೊಂಡ. ಹೂಳು ಮೊದಲನೆಯದರಲ್ಲೇ ತಳ ಸೇರುತ್ತದೆ, ತಿಳಿನೀರು ಎರಡನೆಯದಕ್ಕೆ. ಮುಂದೆ ಸಿಹಿನೀರು ಹೊಂಡ, ಕೊನೆಗೆ ಊರೊಳಗಿನ ಸಂತೆ ಹೊಂಡ. ಮೇಲೆ ಬಿದ್ದ ಮಳೆ ಕೆಳಗಿನ ಪೇಟೆತನಕ ಮೆಟ್ಟಿಲಿಳಿದಂತೆ ಇಳಿದು ಹೋಗುವ ಹಾಗೆ ಮಾಡಿದ್ದಾರೆ.

ಮಾವನವರು ಜಗಳೂರು ಕಡೆಯ ರೈತರು. ಒಣ ಭೂಮಿ. ಹೊಲದಲ್ಲಿ ಕೃಷಿ ಹೊಂಡ ತೆಗೆಸಿದ್ದಾರೆ. ಅಕ್ಕ ತಂಗಿ ಹೊಂಡದ ದಂಡೆಯಲ್ಲಿ ಅವರು ತುಂಬಾ ಹೊತ್ತು ಮಾತಾಡದೆ ನಿಂತರು. ಆಮೇಲೆ, "ನಮ್ಮ ಹೊಂಡಕ್ಕೂ ಹೂಳು ನಿಲ್ಲಾಕ ಅಂತ ಮುಂದೊಂದು ಗುಂಡಿ ತೆಗ್ಸಿದ್ವಲ್ಲ, ಅದೇ ಲೆಕ್ಕ ಇದು" ಎಂದರು. ಗೈಡ್‌ಗೆ ಖುಷಿಯಾಯಿತು. ಅಲ್ಲಿಂದ ಮುಂದೆ ಅವರಿಬ್ಬರದೇ ಮಾತು. ಹೈದರಾಲಿ 1779ರಲ್ಲಿ ಕೋಟೆ ಹಿಡಿಯುವ ಮೊದಲೂ ಮುತ್ತಿಗೆ ಹಾಕಿದ್ದ. ಅಷ್ಟು ಸಲ ತಡೆದುಕೊಳ್ಳುವುದಕ್ಕೆ ಕಲ್ಲಿನಷ್ಟೇ ಈ ನೀರೂ ಕಾರಣ ಎಂದು ಗೈಡ್ ಹೇಳಿದಾಗ ಮಾವನವರು ತಲೆಯಾಡಿಸಿದರು. ಏಳು ಸುತ್ತಿನ ಕೋಟೆ ಎಂದು ಚಿಕ್ಕವಳಿದ್ದಾಗಿನಿಂದ ಕೇಳಿದ್ದೇನೆ. ಇದನ್ನು ಯಾರೂ ಹೀಗೆ ತೋರಿಸಿರಲಿಲ್ಲ.

ಓಬವ್ವನ ಕಿಂಡಿಯ ಹತ್ತಿರ ಗೈಡ್ ನಮ್ಮನ್ನು ನಿಲ್ಲಿಸಿ ತಾವೊಬ್ಬರೇ ಇಳಿದು ನೋಡಿ ಬಂದರು. ಒಳಗೆ ನೀರು ಜಿನುಗಿ ಪಾಚಿ ಕಟ್ಟಿತ್ತಂತೆ. "ಯಜಮಾನ್ರು ಬ್ಯಾಡ. ಹುಡುಗನ್ನ ನಾನು ಇಳಿಸ್ತೀನಿ" ಎಂದರು. ಹಟ ಮಾಡಿದ ಮಾವನವರನ್ನು ಕೂರಿಸಿ, ಮಗನನ್ನು ಹಿಂದೆ ಹಿಂದೆ ಇಳಿಸಿ, ಕರೆದುಕೊಂಡು ಬಂದರು. ಮೊಣಕಾಲೆಲ್ಲ ಕೆಸರು, ಮುಖ ಮಾತ್ರ ಓಬವ್ವನನ್ನೇ ನೋಡಿ ಬಂದವನ ಹಾಗೆ.

ಕೊರತೆಯೂ ಹೇಳುತ್ತೇನೆ. ನೀರಿನ ವಿಷಯಕ್ಕೆ ಕೊಟ್ಟ ಸಮಯ ದೇವಸ್ಥಾನಗಳಿಗೆ ಕೊಡಲಿಲ್ಲ. ಹಿಡಿಂಬೇಶ್ವರ, ಏಕನಾಥೇಶ್ವರಿ ಎರಡೂ ಓಡುತ್ತಾ ನೋಡಿದಂತಾಯಿತು. ಪಾಳೆಯಗಾರರ ಇತಿಹಾಸವನ್ನು ಬಾಯಿಪಾಠದ ಹಾಗೆ ಜೋರಾಗಿ ಹೇಳಿಬಿಡುತ್ತಾರೆ, ಮಗನಿಗೆ ಅರ್ಧ ತಿಳಿಯಲಿಲ್ಲ. ತಿಂಡಿ ಚೀಲ ಕೈಯಲ್ಲಿ ಹಿಡಿಯಬೇಡಿ ಎಂದು ಮೊದಲೇ ಹೇಳಬಹುದಿತ್ತು. ಮಂಗ ಬಂದು ಬಿಸ್ಕತ್ ಪೊಟ್ಟಣ ಕಿತ್ತುಕೊಂಡ ಮೇಲೆ ಹೇಳಿದರು.

ಇಳಿಯುವಾಗ ಕಲ್ಲಿನ ಸಂದಿಯ ಹಸಿರು ಗರಿಕೆಯಲ್ಲಿ ಮಗನಿಗೆ ಕೆಂಪು ಮಖಮಲ್ಲಿನಂಥ ಪುಟ್ಟ ಹುಳ ಕಂಡಿತು. "ಮಿರಗದ ಹುಳ ಅದು, ಮುಟ್ಟು, ಏನೂ ಮಾಡಲ್ಲ" ಎಂದರು ಮಾವನವರು. ಮೊದಲ ಮಳೆಗಳು ಬಿದ್ದಾಗ ಕೆಲವೇ ದಿನ ಮಣ್ಣಿನಿಂದ ಮೇಲೆ ಬರುತ್ತದೆ. ದಾವಣಗೆರೆಯ ನಮ್ಮ ಬಡಾವಣೆಯಲ್ಲಿ ಅವನು ಅದನ್ನು ನೋಡಿಯೇ ಇರಲಿಲ್ಲ. ಅಂಗೈ ಮೇಲೆ ಇಟ್ಟುಕೊಂಡು ಹತ್ತು ನಿಮಿಷ ಕೂತ. ಗೈಡ್ ಅವಸರ ಮಾಡಲಿಲ್ಲ. ಅವರಿಗೆ ನಾನು ಐದಕ್ಕೆ ನಾಲ್ಕೂವರೆ ಕೊಡುತ್ತೇನೆ.

ಕೆಳಗೆ ಬಂದು ಬಿಸಿ ಮಿರ್ಚಿ, ಮಂಡಕ್ಕಿ ತಿಂದೆವು. ಬಟ್ಟೆ ಪೂರ್ತಿ ಒದ್ದೆ, ಬಸ್ಸಿನಲ್ಲಿ ಚಳಿ ಹಿಡಿಯಿತು. ಒಂದು ಜೊತೆ ಒಣ ಬಟ್ಟೆ, ಟವೆಲ್ ಮರೆಯಬೇಡಿ. ಗೋಪಾಲಸ್ವಾಮಿ ಹೊಂಡ ಯಾವತ್ತು ತುಂಬಿ ಹರಿದರೂ ಫೋನ್ ಮಾಡಿ ಎಂದು ಮಾವನವರು ಗೈಡ್‌ಗೆ ತಮ್ಮ ನಂಬರು ಬರೆಸಿ ಬಂದಿದ್ದಾರೆ.