ಮನೆಯಲ್ಲಿ ಸಿಎಪಿಡಿ: ಚಿಕಿತ್ಸೆಗೆ ಐದರಲ್ಲಿ ನಾಲ್ಕೂವರೆ, ದುಡ್ಡಿನ ವ್ಯವಸ್ಥೆಗೆ ಒಂದು

ಅಪ್ಪಯ್ಯನ ಕಿಡ್ನಿ ಹೋಗಿದೆ, ಮನೆಯಲ್ಲೇ ಹೊಟ್ಟೆಯ ಡಯಾಲಿಸಿಸ್ ಶುರುವಾಗಿ ವರ್ಷ ದಾಟಿತು. ಡಾಕ್ಟರು ಸಿಎಪಿಡಿ ಅಂತಾರೆ. ಹೇಗಿದೆ, ತಗೊಳ್ಳಬಹುದಾ ಅಂತ ತುಂಬಾ ಜನ ಕೇಳುತ್ತಿರುತ್ತಾರೆ, ಅದಕ್ಕೇ ಬರೆಯುತ್ತಿದ್ದೇನೆ.

ಚಿಕಿತ್ಸೆ ಚೆನ್ನಾಗಿದೆ. ಹೊಟ್ಟೆಗೆ ಕ್ಯಾತೆಟರ್ ಅನ್ನುವ ಒಂದು ಮೆತ್ತನೆಯ ಕೊಳವೆ ಕೂರಿಸಿರುತ್ತಾರೆ. ಎರಡು ಲೀಟರ್ ಬ್ಯಾಗಿನ ದ್ರಾವಣವನ್ನು ಅದರ ಮೂಲಕ ಒಳಗೆ ಬಿಡಬೇಕು, ರಕ್ತದ ಕಲ್ಮಶ ಅದಕ್ಕೆ ಇಳಿಯಲು ನಾಲ್ಕರಿಂದ ಆರು ಗಂಟೆ ಒಳಗೇ ಇರಬೇಕು, ಆಮೇಲೆ ಅದನ್ನು ಹೊರಗೆ ಬಿಟ್ಟು ಹೊಸ ಬ್ಯಾಗ್ ಹಾಕಬೇಕು. ಅಪ್ಪಯ್ಯನಿಗೆ ದಿನಕ್ಕೆ ಮೂರು ಸಲ. ಮಷೀನೂ ಬೇಡ, ಕರೆಂಟೂ ಬೇಡ. ಮಳೆಗಾಲದಲ್ಲಿ ಮರ ಬಿದ್ದು ಲೈನ್ ಹೋಗುವ ನಮ್ಮ ಮಲೆನಾಡಿನಲ್ಲಿ ಇದು ಸಣ್ಣ ವಿಷಯ ಅಲ್ಲ.

ಬ್ಯಾಗ್ ಬದಲಾಯಿಸುವ ಅರ್ಧ ಗಂಟೆ ಮಾತ್ರ ಮೈಯೆಲ್ಲ ಎಚ್ಚರ ಇರಬೇಕು. ಕಿಟಕಿ ಬಾಗಿಲು ಹಾಕಬೇಕು, ಫ್ಯಾನ್ ಆಫ್ ಮಾಡಬೇಕು, ಮಾಸ್ಕ್ ಕಟ್ಟಿಕೊಂಡು ಬೆರಳ ಸಂದೆಲ್ಲ ಸೋಪು ಹಾಕಿ ತೊಳೆಯಬೇಕು. ಹೊರಗೆ ಬಂದ ಬ್ಯಾಗನ್ನು ಅಮ್ಮ ಪೇಪರ್ ಮೇಲೆ ಇಟ್ಟು ನೋಡುತ್ತಾರೆ. ಕೆಳಗಿನ ಅಕ್ಷರ ಓದಲು ಬಂದರೆ ಸರಿ. ಮಬ್ಬಾಗಿ ಕಂಡರೆ ಹೊಟ್ಟೆಯೊಳಗೆ ಸೋಂಕು ಆಗಿರಬಹುದು, ಆ ಬ್ಯಾಗನ್ನೇ ಹಿಡಿದುಕೊಂಡು ತಕ್ಷಣ ಆಸ್ಪತ್ರೆಗೆ ಓಡಬೇಕು. ಅರ್ಧ ಅಂಕ ಕಡಿಮೆ ಮಾಡಿದ್ದು ಈ ಭಯಕ್ಕೆ. ಉಳಿದಂತೆ ಅಪ್ಪಯ್ಯ ತೋಟಕ್ಕೆ ಹೋಗುತ್ತಾರೆ, ಊಟದ ಪಥ್ಯವೂ ಮೊದಲಿನಷ್ಟು ಬಿಗಿ ಇಲ್ಲ.

ಈಗ ದುಡ್ಡಿನ ವಿಷಯ. ನಮಗೆ ತಿಂಗಳಿಗೆ 25 ಸಾವಿರದ ಆಸುಪಾಸು ಆಗುತ್ತದೆ, ಪೂರ್ತಿ ಕೈಯಿಂದ. ಇನ್ಶೂರೆನ್ಸ್ ಇತ್ತು. ಆಸ್ಪತ್ರೆಗೆ ಹೋಗಿ ಡಯಾಲಿಸಿಸ್ ಮಾಡಿಸಿದರೆ ಡೇ ಕೇರ್, ಅಂದರೆ ಒಂದೇ ದಿನದಲ್ಲಿ ಮುಗಿಯುವ ಆಸ್ಪತ್ರೆ ಚಿಕಿತ್ಸೆ, ಅಂತ ಕೊಡುತ್ತೇವೆ, ಮನೆಗೆ ತರಿಸಿದ ಬ್ಯಾಗಿನ ಬಿಲ್ಲಿಗೆ ಕೊಡುವುದಿಲ್ಲ ಅಂದರು. ಅದೇ ಕಾಯಿಲೆ, ಅದೇ ರೋಗಿ. ಆಸ್ಪತ್ರೆಯ ಹಾಸಿಗೆ ಮೇಲೆ ಮಲಗಿಲ್ಲ ಅನ್ನುವುದೊಂದೇ ವ್ಯತ್ಯಾಸ.

ಸರ್ಕಾರದ ದುಡ್ಡೂ ಹೆಚ್ಚು ಕಡಿಮೆ ಅದೇ ದಾರಿ ಹಿಡಿದಿದೆ. 2016ರ ಕೇಂದ್ರ ಬಜೆಟ್ಟಿನಲ್ಲಿ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮ ಘೋಷಣೆಯಾಯಿತು, ಬಡವರಿಗೆ ಉಚಿತ ಅಂತ. ನಮ್ಮ ರಾಜ್ಯದಲ್ಲಿ ತಾಲ್ಲೂಕು ಆಸ್ಪತ್ರೆಗಳಲ್ಲೂ ಮಷೀನು ಬಂದವು, ಎಷ್ಟೋ ಜೀವ ಉಳಿಯಿತು, ಅದನ್ನು ಮನಸ್ಸು ತುಂಬಿ ಹೇಳುತ್ತೇನೆ. ಆದರೆ ಈ ಕಾರ್ಯಕ್ರಮದಲ್ಲಿ ಮಷೀನು ನಡೆಸುವ ಖಾಸಗಿಯವರಿಗೆ ದುಡ್ಡು ಹೋಗುವುದು ಒಂದೊಂದು ಸೆಷನ್ ಲೆಕ್ಕದಲ್ಲಿ. ರೋಗಿ ಬಂದು ಮಲಗಿದರೆ ಬಿಲ್ಲು, ಮನೆಯಲ್ಲಿ ಮಾಡಿಕೊಂಡರೆ ಇಲ್ಲ. ಹೀಗಿರುವಾಗ ಮನೆಯಲ್ಲೂ ಮಾಡಬಹುದು ನೋಡಿ ಅಂತ ರೋಗಿಗೆ ಹೇಳುವ ಆಸಕ್ತಿ ಯಾರಿಗಿರುತ್ತದೆ? 2019ರಲ್ಲಿ ಹೊಟ್ಟೆಯ ಡಯಾಲಿಸಿಸನ್ನೂ ಸೇರಿಸಿ ಕೇಂದ್ರ ಮಾರ್ಗಸೂಚಿ ಹೊರಡಿಸಿತು. ನಾನು ವಿಚಾರಿಸಿದ ಕಡೆಯೆಲ್ಲ ಬ್ಯಾಗ್ ಮಾತ್ರ ಇರಲಿಲ್ಲ.

ನಮ್ಮಲ್ಲಿ ಅಡಿಕೆ ಸುಲಿಯಲು ಬರುತ್ತಿದ್ದ ಅಕ್ಕ ಒಬ್ಬರಿದ್ದಾರೆ, ಅವರಿಗೂ ಕಿಡ್ನಿ ಹೋಗಿದೆ. ವಾರಕ್ಕೆ ಮೂರು ದಿನ ಮೊದಲ ಬಸ್ಸಿಗೆ ತಾಲ್ಲೂಕು ಆಸ್ಪತ್ರೆಗೆ ಹೋಗಿ, ನಾಲ್ಕು ಗಂಟೆ ಮಲಗಿ, ಸಂಜೆ ಸುಸ್ತಾಗಿ ವಾಪಸ್. ಜೊತೆಗೆ ಮಗಳೂ ಹೋಗಬೇಕು, ಇಬ್ಬರ ಕೂಲಿಯೂ ಹೋಯಿತು. "ಡಯಾಲಿಸಿಸ್ ಏನೋ ಪುಕ್ಕಟೆ ಮಾರಾಯ್ರೆ, ಹೋದ ಕೂಲಿ ಯಾರು ಕೊಡ್ತಾರೆ?" ಅಂತ ಕೇಳಿದರು. ದೂರದ ಹಳ್ಳಿ, ದಿನಗೂಲಿ, ಬಸ್ಸು ಕಡಿಮೆ. ಮನೆ ಡಯಾಲಿಸಿಸ್ ನಮಗಿಂತ ಜಾಸ್ತಿ ಬೇಕಾಗಿದ್ದು ಅವರಿಗೇ ಅಲ್ವಾ? ಸಿಕ್ಕಿದ್ದು ಮಾತ್ರ ತೋಟ ಇರುವ ನಮಗೆ. ಅವರ ಮನೆಯಲ್ಲಿ ಬೇರೆ ಕೋಣೆ ಇಲ್ಲ, ಬ್ಯಾಗಿನ ಬಾಕ್ಸುಗಳನ್ನು ಪೇರಿಸಿಡಲು ಒಣಗಿದ ಜಾಗವೂ ಇಲ್ಲ, ನಿಜ. ಒಂದು ಮೂಲೆ ಸರಿ ಮಾಡಿಕೊಟ್ಟು ತರಬೇತಿಗೆ ನರ್ಸ್ ಕಳಿಸುವ ಖರ್ಚನ್ನೂ ಯೋಜನೆಯಲ್ಲೇ ಹಾಕಬಹುದು.

ಆಗದ ಕೆಲಸ ಏನಲ್ಲ. ಥೈಲ್ಯಾಂಡ್ 2008ರಲ್ಲಿ ತನ್ನ ಸಾರ್ವತ್ರಿಕ ಆರೋಗ್ಯ ಯೋಜನೆಯಲ್ಲಿ ಹೊಟ್ಟೆಯ ಡಯಾಲಿಸಿಸನ್ನೇ ಮೊದಲ ಆಯ್ಕೆ ಮಾಡಿತು, ಬ್ಯಾಗುಗಳನ್ನು ಅಂಚೆ ಇಲಾಖೆಯೇ ರೋಗಿಯ ಮನೆಗೆ ಮುಟ್ಟಿಸಿತು. ಅಲ್ಲಿ ರೋಗಿಗೆ ಬೇರೆ ಆಯ್ಕೆ ಹೆಚ್ಚು ಇರಲಿಲ್ಲ ಅನ್ನುವ ದೂರೂ ಇತ್ತು, 2022ರಲ್ಲಿ ಅದನ್ನು ಸಡಿಲಿಸಿದರು. ಪಕ್ಕದ ಕೇರಳದಲ್ಲಿ ಜಿಲ್ಲಾ ಆಸ್ಪತ್ರೆಗಳ ಮೂಲಕ ಉಚಿತವಾಗಿ ಕೊಡಲು ಶುರು ಮಾಡಿದ್ದಾರೆ.

ತಗೊಳ್ಳುವವರು ಬ್ಯಾಗಿನ ರೇಟು ಮಾತ್ರ ಕೇಳಬೇಡಿ. ಕೊಳವೆಯ ಕ್ಯಾಪು, ಡ್ರೆಸ್ಸಿಂಗು, ಸಾಗಾಟ, ರಕ್ತ ಪರೀಕ್ಷೆ, ಸೋಂಕಾದರೆ ಆಂಟಿಬಯೋಟಿಕ್, ಎಲ್ಲ ಸೇರಿ ತಿಂಗಳಿಗೆ ಎಷ್ಟು ಅಂತ ಕೇಳಿ. ಇನ್ಶೂರೆನ್ಸಿನವರ ಹತ್ತಿರ ಮನೆ ಬ್ಯಾಗಿಗೆ ಕೊಡುತ್ತೀರೋ ಇಲ್ಲವೋ ಅಂತ ಬರವಣಿಗೆಯಲ್ಲಿ ಪಡೆಯಿರಿ. ಬಿಪಿಎಲ್ ಕಾರ್ಡ್ ಇದ್ದರೆ ಜಿಲ್ಲಾ ಆಸ್ಪತ್ರೆಯಲ್ಲಿ 2019ರ ಮಾರ್ಗಸೂಚಿ ಹೆಸರು ಹೇಳಿ ಅರ್ಜಿ ಕೊಡಿ, ಸ್ವೀಕೃತಿ ಸೀಲು ಹಾಕಿಸಿಕೊಳ್ಳಿ. ಆ ಅಕ್ಕನದ್ದನ್ನು ನಾನೇ ಬರೆದುಕೊಟ್ಟಿದ್ದೇನೆ, ಉತ್ತರ ಇನ್ನೂ ಬಂದಿಲ್ಲ.