ಶೇಂಗಾ ಬೀಜಕ್ಕೆ ಥೈರಮ್ಮಾ, ಟ್ರೈಕೋಡರ್ಮಾನಾ?

ಹೊಲದಲ್ಲಿ ಗೌಜಿಗ, ನವಿಲು ಜಾಸ್ತಿ, ಬೀಜ, ಸಸಿ ಕೊಳೆಯದಂತೆ ರಾಸಾಯನಿಕ ಶಿಲೀಂಧ್ರನಾಶಕ ಥೈರಮ್ ಹಚ್ಚಲೋ, ಕೊಳೆ ತರುವ ಶಿಲೀಂಧ್ರವನ್ನು ಹತ್ತಿಕ್ಕುವ ಜೈವಿಕ ಟ್ರೈಕೋಡರ್ಮಾ ಹಚ್ಚಲೋ ಅಂತ ಕೇಳಿದ್ದೀರಿ.

ಮೊದಲು ಹಕ್ಕಿಗಳ ವಿಷಯ. ಸ್ಪೇನ್‌ನಲ್ಲಿ ಕೆಂಪು ಕಾಲಿನ ಗೌಜಿಗಗಳಿಗೆ ಥೈರಮ್ ಹಚ್ಚಿದ ಬೀಜ ತಿನ್ನಿಸಿ ನೋಡಿದರು. ಅವುಗಳ ರೋಗನಿರೋಧಕ ಶಕ್ತಿ ಕುಗ್ಗಿತು, ಮೊಟ್ಟೆಯ ಚಿಪ್ಪೂ ತೆಳುವಾಯಿತು. ಹಕ್ಕಿ ಕೂಡಲೇ ಸಾಯದ ಕಾರಣ ಹೊಲದಲ್ಲಿ ಈ ನಷ್ಟ ಕಣ್ಣಿಗೆ ಬೀಳುವುದೇ ಇಲ್ಲ. ನನ್ನನ್ನು ಕಾಡುವುದು ಇದೇ. ಐರೋಪ್ಯ ಒಕ್ಕೂಟ 2018ರಲ್ಲಿ ಥೈರಮ್‌ನ ಅನುಮತಿ ನವೀಕರಿಸಲಿಲ್ಲ. ಟ್ರೈಕೋಡರ್ಮಾ ಮಣ್ಣಿನಲ್ಲೇ ಇರುವ ಶಿಲೀಂಧ್ರ, ಈ ವಿಷಯದಲ್ಲಿ ಅದೇ ಮೇಲು.

ಬಳಕೆಯಲ್ಲಿ ಥೈರಮ್ ಸಲೀಸು. ಪುಡಿ ಬಹಳ ದಿನ ಕೆಡುವುದಿಲ್ಲ. ಟ್ರೈಕೋಡರ್ಮಾ ಜೀವಂತ. ತಂಪಿನಲ್ಲಿಡಬೇಕು, ತಯಾರಾದ ತಾರೀಖು ನೋಡಿಯೇ ಕೊಳ್ಳಬೇಕು, ಹಚ್ಚಿದ ಬೀಜವನ್ನು ನೆರಳಲ್ಲೇ ಒಣಗಿಸಬೇಕು. ಖರ್ಚಿನ ಲೆಕ್ಕಕ್ಕೆ ನಿಮ್ಮೂರಿನ ದರ ಕೇಳಿ.

ಮಣ್ಣು ಹದವಾಗಿದ್ದು, ಕೊಟ್ಟಿಗೆ ಗೊಬ್ಬರ ಹಾಕಿದ್ದರೆ ಟ್ರೈಕೋಡರ್ಮಾ ಸಾಕು. ಪ್ರತಿವರ್ಷ ಬುಡ ಕೊಳೆತು ಸಸಿ ಸಾಯುವ ಹೊಲಕ್ಕೆ ಥೈರಮ್ ಬೇಕಾಗಬಹುದು. ಆಗ ಬೀಜ ಪೂರ್ತಿ ಮಣ್ಣಲ್ಲಿ ಮುಚ್ಚಿರಲಿ. ಕೂರಿಗೆ ತಿರುಗುವ ಬದುವಿನ ಅಂಚಲ್ಲಿ ಚೆಲ್ಲಿದ ಕಾಳನ್ನೂ ಆರಿಸಿ ಹೂತುಬಿಡಿ.